ಫಿಲ್ಮಿನ ಸಂಗ್ರಹ: ಕೋಡಕ್ರೋಮ್ ಕಲಿಸುವ ಪಾಠ

ಛಾಯಾಚಿತ್ರದ ಫಿಲ್ಮು ಮುಂದಿನ ಬಳಕೆಗಾಗಿ ಕೂಡಿಡಬಹುದಾದ ವಸ್ತುವಾದರೂ ಧಾನ್ಯಕ್ಕಿರುವಂತೆ ಅದಕ್ಕೂ ಕೇಡುಂಟು. ಜೆಲಟಿನ್ ಪದರದಲ್ಲಿ ಹುದುಗಿರುವ ಬೆಳ್ಳಿಯ ಲವಣದ ಹರಳುಗಳು ಬೆಳಕಿನಿಂದ ಮಾತ್ರವಲ್ಲದೆ ಶಾಖ ಹಾಗೂ ವಿಕಿರಣಗಳಿಂದಲೂ ಮಾರ್ಪಡುವುದರಿಂದ, ಕಾಲ ಕಳೆದಂತೆ ಚಿತ್ರಕ್ಕೆ ಮಬ್ಬು ಕವಿಯುತ್ತದೆ. ಆದಕಾರಣ ಸುರುಳಿಗಳನ್ನು ಭದ್ರವಾಗಿ ಮುಚ್ಚಿದ ಡಬ್ಬಿಯಲ್ಲಿಯೇ ರೆಫ್ರಿಜರೇಟರಿನಲ್ಲಿಡುವುದು ರೂಢಿ. ಹೊರತೆಗೆದ ಡಬ್ಬಿಯನ್ನು ಅದು ಕೋಣೆಯ ಉಷ್ಣತೆಗೆ ಬರುವವರೆಗೆ ತೆರೆಯಬಾರದು; ತೆರೆದಲ್ಲಿ ಗಾಳಿಯ ತೇವವು ಫಿಲ್ಮಿನ ಮೇಲೆ ಹನಿಗಟ್ಟುವುದು.

ಆದರೆ ಶೈತ್ಯವೊಂದೇ ಸಾಲದೆಂಬುದಕ್ಕೆ ಕೋಡಕ್ರೋಮ್ ಸಾಕ್ಷಿ. 1935ರಲ್ಲಿ ಬಳಕೆಗೆ ಬಂದ ಈ ವರ್ಣಫಿಲ್ಮನ್ನು ನಿಲ್ಲಿಸುವುದಾಗಿ ಕೋಡಕ್ ಸಂಸ್ಥೆಯು 2009ರಲ್ಲಿ ಪ್ರಕಟಿಸಿತು. ಅನೇಕರು ಉಳಿದುದನ್ನು ಕೂಡಿಟ್ಟರು. ಇತರ ಸಾಮಾನ್ಯ ವರ್ಣಫಿಲ್ಮುಗಳಲ್ಲಿ ಬಣ್ಣಗೂಡಿಸುವ ದ್ರವ್ಯವು ಪದರಗಳಲ್ಲಿಯೇ ಅಡಕವಾಗಿರುತ್ತದೆ. ಇದಕ್ಕಾದರೋ ಅದನ್ನು ಸಂಸ್ಕರಣದ ವೇಳೆಯಲ್ಲಿ ಹೊರಗಿನಿಂದ ಒದಗಿಸಬೇಕಾಗಿತ್ತು. ಆ ಜಟಿಲ ಕಾರ್ಯವನ್ನು ನಡೆಸುತ್ತಿದ್ದ ಕೊನೆಯ ಸಂಸ್ಕರಣಾಲಯವು ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಪಟ್ಟಣದಲ್ಲಿತ್ತು. 2010ರ ಡಿಸೆಂಬರ್ ಅಂತ್ಯಕ್ಕೆ ಅದೂ ಈ ಫಿಲ್ಮನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಚಿತ್ರ ತೆಗೆದೂ ಸಂಸ್ಕರಿಸದೆ ಉಳಿದ ಸುರುಳಿಗಳಿಂದ ಆಮೇಲೆ ಸಾಮಾನ್ಯವಾಗಿ ಕಪ್ಪು-ಬಿಳುಪಿನ ಬಿಂಬವನ್ನಷ್ಟೇ ಪಡೆಯುವುದು ಸಾಧ್ಯವಾಯಿತು.

ಇತಿಹಾಸದ ಅಭ್ಯಾಸಿಗೆ ಇದು ಗಮನಾರ್ಹ. ಓಲೆಗರಿಯನ್ನು ಉಳಿಸಿಕೊಂಡು ಲಿಪಿಜ್ಞಾನವನ್ನು ಕಳೆದುಕೊಂಡರೆ ಪ್ರಯೋಜನವೇನು? ಆಕರವನ್ನು ಕಾಯುವವರು ಅದನ್ನು ಓದಿಸುವ ವಿದ್ಯೆಯನ್ನೂ ಕಾಯಬೇಕಾಗುತ್ತದೆ.