ಗಿರಿಗದ್ದೆಯ ಊಟ, ಮುನ್ನೂರರ ಲೆಕ್ಕ

ನಮ್ಮ ಪುತ್ತೂರು ತಾಲೂಕಿನ ನರಿಮೊಗರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಮೂಡಣಕ್ಕೆ ಹೊರಟರೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣ. ಅಲ್ಲಿಂದ ಕುಕ್ಕೆ. ದೇವಸ್ಥಾನ ದಾಟಿ ಕಾಡು ಹೊಕ್ಕರೆ ಕುಮಾರಪರ್ವತದ ಏರು ಶುರು. 1,712 ಮೀಟರ್ ಎತ್ತರದ ಈ ಬೆಟ್ಟಕ್ಕೆ ಸೋಮವಾರಪೇಟೆ ಕಡೆಯಿಂದಲೂ ದಾರಿಯಿದೆ. ಕುಕ್ಕೆಯದು ಅದಕ್ಕಿಂತ ಉದ್ದ, ಕಷ್ಟ. ಮೊದಲು ಬೇರು, ಕಲ್ಲುಗಳ ಮೇಲೆ ಕಾಡಿನೊಳಗೆ ಹತ್ತಬೇಕು. ಆಮೇಲೆ ನೆರಳೇ ಇಲ್ಲದ ಹುಲ್ಲುಗುಡ್ಡ.

ಇವೆರಡರ ನಡುವೆ ಗಿರಿಗದ್ದೆಯ ‘ಭಟ್ರ ಮನೆ’. ಜಾಲತಾಣ, ಟಿಕೆಟ್ಟು ಏನೂ ಇಲ್ಲದ ಕಾಲದಿಂದ ಅಲ್ಲಿ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಸಿಗುತ್ತಿತ್ತು. ಬಂದವರಿಗೆ ಮೊದಲು ನೀರು, ಬೆಲ್ಲ ಕೊಟ್ಟು, ಊರು ಯಾವುದೆಂದು ಆಮೇಲೆ ಕೇಳುವುದು ನಮ್ಮ ಸೀಮೆಯ ಮನೆಗಳ ಕ್ರಮ. ಆ ಕ್ರಮವೇ ಅಲ್ಲಿ ಗುಡ್ಡ ಹತ್ತಿ ಕುಳಿತಿದೆ.

ಆದರೆ ಒಂದು ಮನೆ ಎಷ್ಟು ಜನರಿಗೆ ಬಡಿಸೀತು? 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲು ರಜೆಗೆ ಸಾವಿರಾರು ಮಂದಿ ಒಮ್ಮೆಲೇ ಬಂದು, ಕಾಲುದಾರಿಯಲ್ಲಿ ಜಾತ್ರೆಯ ಸಾಲು ನಿಂತಿತು. ಸರ್ಕಾರ ಚಾರಣಕ್ಕೆ ತಡೆ ಹಾಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಬಂತು: ಒಂದು ದಾರಿಗೆ ದಿನಕ್ಕೆ 300 ಮಂದಿ, ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರ.

ಸೌಲಭ್ಯ ಎಂದೊಡನೆ ನಮ್ಮ ಕಣ್ಣಿಗೆ ಸಿಮೆಂಟು ಮೆಟ್ಟಿಲು, ಕಮಾನು, ಬಣ್ಣದ ಬೆಂಚು ಬರುತ್ತವೆ. ಆ ದಾರಿಗೆ ಈಚೆಗೆ ಬಂದ ಅತಿ ದೊಡ್ಡ ಸೌಲಭ್ಯ ಈ ಮುನ್ನೂರರ ಲೆಕ್ಕವೇ ಎಂದು ನನಗನಿಸುತ್ತದೆ. ದಾರಿಯಲ್ಲಿ ಸಿಗುವ ಕಲ್ಲುಮಂಟಪದ ಹತ್ತಿರದ ಸಣ್ಣ ನೀರಿನ ಸೆಲೆ ಮುನ್ನೂರು ಬಾಟಲಿ ತುಂಬಿಸೀತು, ಮೂರು ಸಾವಿರ ಅದರಿಂದಾಗದು. ಬುಡದಲ್ಲಿ ಶುಚಿಯಾದ ಶೌಚಾಲಯ ಬೇಕೇ ಬೇಕು, ಮುಖ್ಯವಾಗಿ ಹೆಂಗಸರಿಗೆ. ಜಾರಿ ಕಾಲು ಉಳುಕಿಸಿಕೊಂಡವರನ್ನು ಹೊತ್ತು ಇಳಿಸಲು ದಾರಿ ಬಲ್ಲ ಸ್ಥಳೀಯ ಹುಡುಗರು ಬೇಕು, ಅವರಿಗೆ ಸರಿಯಾದ ಸಂಬಳವೂ ಬೇಕು. ಮೇಲೆ ಮಾತ್ರ ಏನನ್ನೂ ಕಟ್ಟಬಾರದು. ಪುಷ್ಪಗಿರಿ ವನ್ಯಜೀವಿಧಾಮದ ಈ ಕಾಡು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ತಪಾಸಣಾ ಠಾಣೆಯಲ್ಲಿ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಹುಡುಕುವಾಗ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಕುಮಾರಧಾರೆ ನದಿ ಹುಟ್ಟುವುದು ಆ ಬೆಟ್ಟದಲ್ಲೇ. ಕುಕ್ಕೆಯಲ್ಲಿ ಭಕ್ತರು ಮುಳುಗು ಹಾಕುವುದು ಅದೇ ನೀರಿನಲ್ಲಿ. ನಮ್ಮ ತಾಲೂಕಿಗೆ ಬಂದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವುದೂ ಅದೇ. ಮೇಲೆ ಬಿಸಾಡಿದ ಚಿಪ್ಸ್ ಪೊಟ್ಟಣ ಮೊದಲ ಮಳೆಗೆ ನಮ್ಮ ಕಡೆಗೇ ಹೊರಡುತ್ತದೆ.