ನೆಲದ ನಡುಕಕ್ಕೆ ಕಿವಿಗೊಟ್ಟ ತಂತ್ರಾಂಶ

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ. ಗಣೇಶ ವಿಸರ್ಜನೆ ಮುಗಿಸಿ ಜನರು ಗಾಢ ನಿದ್ರೆಯಲ್ಲಿದ್ದರು. ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಲಾತೂರು ಜಿಲ್ಲೆಯ ಕಿಲ್ಲಾರಿಯ ನೆಲ ನಡುಗಿತು. ಮಣ್ಣಿನಲ್ಲಿ ಕಟ್ಟಿದ ಭಾರವಾದ ಕಲ್ಲುಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸುಮಾರು ಹತ್ತು ಸಾವಿರ ಮಂದಿ ಅಸುನೀಗಿದರು. ಸೊಲ್ಲಾಪುರ ಸೀಮೆಯ ಹಿರಿಯರು ಆ ರಾತ್ರಿಯನ್ನು ನೆನೆದಾಗ ಮಕ್ಕಳಲ್ಲಿ ಏಳುವ ಪ್ರಶ್ನೆ ಸಹಜವಾದುದೇ: ಇದು ಮೊದಲೇ ತಿಳಿಯುವಂತಿರಲಿಲ್ಲವೇ?

ತಿಳಿಯುವಂತಿರಲಿಲ್ಲ. ಭೂಕಂಪದ ಸ್ಥಳ, ದಿನ, ಗಳಿಗೆಗಳನ್ನು ಮುಂಚಿತವಾಗಿ ಹೇಳುವ ವಿದ್ಯೆ ಇಂದಿಗೂ ಯಾರಿಗೂ ಸಿದ್ಧಿಸಿಲ್ಲ. ಆದರೆ ನೆಲ ನಡುಗಿದ ಮೇಲೆ ಎಲ್ಲಿ, ಎಷ್ಟು ಎಂಬುದನ್ನು ನಿಮಿಷಗಳಲ್ಲಿ ಅರಿಯುವ ವಿದ್ಯೆ ಬೆಳೆದಿದೆ. ಜರ್ಮನಿಯ ಪಾಟ್ಸ್‌ಡ್ಯಾಮ್ ನಗರದ ಭೂವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ‘ಸೈಸ್‌ಕಾಂಪ್’ ಅಂತಹ ಒಂದು ತಂತ್ರಾಂಶ.

ಮಿಂಚು ಕಂಡ ಬಳಿಕ ಗುಡುಗು ಕೇಳಲು ತಡವಾದಷ್ಟೂ ಸಿಡಿಲು ದೂರದ್ದೆಂದು ನಾವು ಬಲ್ಲೆವು. ಭೂಕಂಪದಲ್ಲಿಯೂ ವೇಗದ ಪ್ರಾಥಮಿಕ ಅಲೆ ಮೊದಲು, ನಿಧಾನದ ದ್ವಿತೀಯ ಅಲೆ ಅನಂತರ ತಲಪುತ್ತವೆ. ಹತ್ತಿರದ ಭೂಕಂಪವಾದರೆ ಇವೆರಡರ ನಡುವಣ ಪ್ರತಿ ಸೆಕೆಂಡಿಗೆ ಸುಮಾರು 8 ಕಿಲೋಮೀಟರು ದೂರವೆಂದು ಲೆಕ್ಕ. ಜಗತ್ತಿನ ನಾನಾ ಠಾಣೆಗಳ ಭೂಕಂಪಮಾಪಕಗಳು ಕಳುಹಿಸುವ ದಾಖಲೆಗಳನ್ನು ತಂತ್ರಾಂಶವು ಹಗಲಿರುಳು ಪರಿಶೀಲಿಸುತ್ತದೆ. ಅಲೆಗಳು ಯಾವ ಠಾಣೆಗೆ ಯಾವಾಗ ಮುಟ್ಟಿದವೆಂಬುದನ್ನು ಹೋಲಿಸಿ, ಎಲ್ಲಕ್ಕೂ ಹೊಂದುವ ಒಂದು ಸ್ಥಳವನ್ನು ಕೇಂದ್ರವೆಂದು ಗುರುತಿಸುತ್ತದೆ. ಹೊಸ ದಾಖಲೆ ಬಂದಂತೆ ತನ್ನ ಉತ್ತರವನ್ನು ತಾನೇ ತಿದ್ದಿಕೊಳ್ಳುತ್ತದೆ.

ಈ ನಿಮಿಷಗಳ ಬೆಲೆಯನ್ನು ಲೋಕಕ್ಕೆ ಕಲಿಸಿದ್ದು 2004ರ ಡಿಸೆಂಬರ್ 26. ಸುಮಾತ್ರದ ಬಳಿ ಸಂಭವಿಸಿದ ಭೂಕಂಪದ ತೀವ್ರತೆ 9.1. ಹವಾಯಿಯ ಸುನಾಮಿ ಕೇಂದ್ರದ ಮೊದಲ ಅಂದಾಜು 8.0 ಮಾತ್ರವಾಗಿತ್ತು. ಅಲೆಗಳು ತಮಿಳುನಾಡಿನ ಕರಾವಳಿಗೆ ಬರಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಆದರೂ ಅಲ್ಲಿನ ಬೆಸ್ತರಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯೇ ಇರಲಿಲ್ಲ. ಆ ದುರಂತದ ಬಳಿಕ ಇಂಡೋನೇಷ್ಯಾದ ಎಚ್ಚರಿಕಾ ವ್ಯವಸ್ಥೆಗೆಂದು ಸೈಸ್‌ಕಾಂಪ್ ಹೊಸ ರೂಪ ತಳೆಯಿತು. 2007ರಲ್ಲಿ ಹೈದರಾಬಾದಿನಲ್ಲಿ ಭಾರತದ ಸುನಾಮಿ ಎಚ್ಚರಿಕಾ ಕೇಂದ್ರವೂ ಆರಂಭವಾಯಿತು.

ಕರಾವಳಿಗೆ ಈ ವಿದ್ಯೆ ಪ್ರಾಣರಕ್ಷಕ. ಕಿಲ್ಲಾರಿಯಂತೆ ಕಾಲಡಿಯಲ್ಲೇ ನೆಲ ಬಿರಿದಲ್ಲಿ ಲೆಕ್ಕ ಮುಗಿಯುವ ಮೊದಲೇ ಗೋಡೆ ಬಿದ್ದಿರುತ್ತದೆ. ಅಲ್ಲಿ ತಂತ್ರಾಂಶವು ರಕ್ಷಣಾ ತಂಡಗಳಿಗೆ ದಾರಿ ತೋರಬಲ್ಲದು. ಮಲಗಿದವರನ್ನು ಕಾಯುವುದು ಗಟ್ಟಿಯಾಗಿ ಕಟ್ಟಿದ ಮನೆಯೇ.

‘ಇಂದು ರಾತ್ರಿ ಇಷ್ಟು ಗಂಟೆಗೆ ಭೂಕಂಪ’ ಎಂಬ ಸಂದೇಶ ಮೊಬೈಲಿಗೆ ಬಂದರೆ, ಅದು ಸುಳ್ಳೆಂದು ಹೇಳಲು ಶಾಲೆಯ ಮಗುವೂ ಅಂಜಬೇಕಿಲ್ಲ. ನಡೆದ ಭೂಕಂಪದ ವಿವರವನ್ನು ಯಾರು ಬೇಕಾದರೂ ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ‘ಭೂಕಂಪ್’ ಆ್ಯಪ್‌ನಲ್ಲಿ ನೋಡಬಹುದು. ನಡೆಯಲಿರುವುದರ ಗಳಿಗೆ ಮಾತ್ರ ಅಲ್ಲಿಯೂ ಇಲ್ಲ, ಎಲ್ಲಿಯೂ ಇಲ್ಲ.