ಕಾಂಕ್ರೀಟಿನ ಮೈ, ನೀರಿನ ಹದ

ಯಾದಗಿರಿಯ ಕೋಟೆಗುಡ್ಡದ ಕಣಶಿಲೆ ಯುಗಯುಗಗಳ ಬಿಸಿಲನ್ನುಂಡೂ ಅಚಲವಾಗಿರುವಲ್ಲಿ, ಮನುಷ್ಯನೇ ಕಲೆಸಿ ಹಾಸಿದ ಕಾಂಕ್ರೀಟಿನ ನೆಲವು ಕೆಲವೇ ವರ್ಷಗಳಲ್ಲಿ ಪುಡಿಯುದುರಿಸಿ, ಹೊಪ್ಪಳಿಕೆಯೆದ್ದು, ಕೂದಲೆಳೆಯ ಬಿರುಕುಗಳಿಂದ ವಿರೂಪಗೊಳ್ಳುವುದಕ್ಕೆ ಬಿಸಿಲೊಂದನ್ನೇ ದೂಷಿಸುವುದು ನ್ಯಾಯವಲ್ಲ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂಬುದು ಜನರಲ್ಲಿ ಬೇರೂರಿದ ಭ್ರಮೆ. ಅದು ನೀರಿನೊಡನೆ ರಾಸಾಯನಿಕ ಸಂಯೋಗ ಹೊಂದಿ ಗಟ್ಟಿಯಾಗುವ ದ್ರವ್ಯವಾದುದರಿಂದ, ತೇವವಾರಿದೊಡನೆ ಅದರ ಬಲವರ್ಧನೆಯೂ ಸ್ತಬ್ಧವಾಗುತ್ತದೆ.

50 ಕಿಲೋದ ಒಂದು ಚೀಲ ಸಿಮೆಂಟಿಗೆ ಈ ಸಂಯೋಗದ ಮಟ್ಟಿಗೆ ಸುಮಾರು 20 ಲೀಟರು ನೀರು ಸಾಕು. ಆದರೆ ಮಾಲು ಸಲೀಸಾಗಿ ಹರಿಯಲೆಂದು ಗೌಂಡಿಯು ಬಕೆಟ್ಟಿನ ಮೇಲೆ ಬಕೆಟ್ಟು ಸುರಿದರೆ, ಹೆಚ್ಚಿನ ನೀರು ಸಿಮೆಂಟಿನ ನಯವಾದ ಕಣಗಳನ್ನು ಹೊತ್ತು ಮೇಲಕ್ಕೊಸರಿ, ಆವಿಯಾಗಿ, ಒಳಗೆ ಸೂಕ್ಷ್ಮರಂಧ್ರಗಳನ್ನೂ ಮೇಲೆ ದುರ್ಬಲವಾದೊಂದು ಪೊರೆಯನ್ನೂ ಉಳಿಸಿಹೋಗುತ್ತದೆ. ಆ ಒಸರಿನ ಮೇಲೆ ಒಣ ಸಿಮೆಂಟು ಉದುರಿಸಿ ಕರಣೆಯಿಂದ ತೀಡಿ ಹೊಳಪು ಬರಿಸುವ ರೂಢಿಯಂತೂ, ನೋಟಕ್ಕೆಷ್ಟು ಚೆಲುವೋ ಬಾಳಿಕೆಗೆ ಅಷ್ಟೇ ಮಾರಕ. ಕಲೆಸುವಾಗ ಇಷ್ಟು ಧಾರಾಳಿಗಳಾದ ನಾವು, ಹಾಕಿಯಾದ ಮೇಲೆ ನೀರುಣಿಸುವಲ್ಲಿ ಮಾತ್ರ ಜಿಪುಣರಾಗುವುದು ವಿಚಿತ್ರವೇ ಸರಿ! ಒಣಹವೆಯ ಬಿಸಿಪ್ರದೇಶದಲ್ಲಿ ಕನಿಷ್ಠ 10 ದಿನ ಕ್ಯೂರಿಂಗ್ ನಡೆಯಬೇಕೆಂದು ಭಾರತೀಯ ಮಾನಕವೇ ವಿಧಿಸಿದೆ. ವೈಶಾಖದ ಗಾಳಿಯಲ್ಲಿ ಹಸಿ ಕಾಂಕ್ರೀಟು ಕೆಲವೇ ಗಂಟೆಗಳಲ್ಲಿ ಬಿರಿಯಬಲ್ಲುದರಿಂದ, ಸಂಜೆಯ ತಂಪಿನಲ್ಲಿ ಹಾಕಿ, ಮೈ ಬಿಗಿದೊಡನೆ ಒದ್ದೆ ಗೋಣಿತಟ್ಟು ಹೊದಿಸುವುದು ವಿಹಿತ.

ಶಹಾಪುರ, ಸುರಪುರಗಳ ಎರೆಭೂಮಿಯಲ್ಲಿ ಸಂಕಟ ಕೆಳಗಿನಿಂದಲೂ ಏರುತ್ತದೆ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ಕಾಲುವೆಗಳು ಹರಿದು ಭತ್ತದ ಗದ್ದೆಗಳೆದ್ದ ಈ ಸೀಮೆಯಲ್ಲಿ, ನೀರು ಬಸಿದುಹೋಗದೆ ನೆಲ ಸವಳಾದೆಡೆ, ಮಣ್ಣಿನ ಲವಣಗಳು ತೇವದೊಡನೆ ಕಾಂಕ್ರೀಟಿನ ರಂಧ್ರಗಳನ್ನೇರಿ, ಮೈಯ ಬಳಿ ಹರಳುಗಟ್ಟಿ ಉಬ್ಬಿ, ಪದರುಪದರಾಗಿ ಸಿಡಿಸುತ್ತವೆ. ಅವುಗಳಲ್ಲಿನ ಸಲ್ಫೇಟು ಸಿಮೆಂಟಿನ ಅಲ್ಯೂಮಿನಾಂಶದೊಡನೆ ಕೂಡಿ ಒಳಗಿನಿಂದಲೂ ಹಿಗ್ಗಿಸುತ್ತದೆ. ಅಂಥಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆತ ಸ್ಲ್ಯಾಗ್ ಸಿಮೆಂಟು, ಮಿತವಾದ ನೀರು, ಬುನಾದಿಯ ಸುತ್ತ ಬಸಿಗಾಲುವೆ, ಇವು ಮೊದಲೇ ಆಗಬೇಕಾದ ಕೆಲಸಗಳು.

ಸಜ್ಜಾದ ಅಡಿಯಿಂದ ಹೆಂಟೆ ಕಳಚಿ ಸರಳು ಕಂಡರೆ, ಗಾಳಿಯ ಇಂಗಾಲಾಮ್ಲವು ಕಾಂಕ್ರೀಟಿನ ಕ್ಷಾರಗುಣವನ್ನು ಕುಂದಿಸಿ ಕಬ್ಬಿಣಕ್ಕೆ ತುಕ್ಕು ಹಿಡಿಸಿದೆಯೆಂದು ಊಹಿಸಬಹುದು. ತುಕ್ಕಿನ ಗಾತ್ರ ಕಬ್ಬಿಣಕ್ಕಿಂತ ಹಲವು ಪಟ್ಟು. ಅದರ ಮೇಲೆ ಗಿಲಾವು ಬಳಿಯುವುದು ವ್ಯರ್ಥ. ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬರುವಷ್ಟನ್ನೂ ಸರಳಿನ ಹಿಂಬದಿಯವರೆಗೆ ಕೆತ್ತಿ ತೆಗೆದು, ತುಕ್ಕನ್ನು ಉಜ್ಜಿ ತೊಳೆದ ಬಳಿಕವೇ ಹೊಸ ಮಾಲು ತುಂಬತಕ್ಕದ್ದು.